ಹೊರಲು ಹಗುರ, ದುಡಿಮೆಗೆ ಗಟ್ಟಿ
ಎಂಜಿನಿಯರಿಂಗ್ ಸೇರುವ ಮಲೆನಾಡಿನ ಮಕ್ಕಳಿಗೆ ಎಂಥ ಲ್ಯಾಪ್‌ಟಾಪ್ ಬೇಕು?

ಮಳೆ ಜಡಿಯುತ್ತಿರುವ ದಿನಗಳಲ್ಲೇ ಮಲೆನಾಡಿನ ಮನೆಗಳಿಗೆ ಇನ್ನೊಂದು ಕಾತರವೂ ಬಂದು ಸೇರುತ್ತದೆ. ಸಿಇಟಿಯ ಸೀಟು ಹಂಚಿಕೆಯ ಪಟ್ಟಿ ಇಂದು ಬಂತೇ, ನಾಳೆ ಬರುತ್ತದೆಯೇ ಎಂದು ಮಕ್ಕಳು ಮೊಬೈಲು ಹಿಡಿದು ಸಿಗ್ನಲ್ ಸಿಗುವ ದಿಬ್ಬ ಹತ್ತುತ್ತಾರೆ. ಸೀಟು ಸಿಕ್ಕಿತೆನ್ನಿ. ಶುಲ್ಕ, ಹಾಸ್ಟೆಲ್ಲು, ಪುಸ್ತಕಗಳ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಪಟ್ಟಿಯ ಕೊನೆಗೆ ಒಂದು ಸಾಲು ಉಳಿದಿರುತ್ತದೆ: ಲ್ಯಾಪ್‌ಟಾಪ್.

ಒಂದು ಹಿಡಿ ಅಡಿಕೆ ಕೈಗೆತ್ತಿಕೊಂಡರೆ ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಎಂದು ಕಣ್ಣಳತೆಯಲ್ಲೇ ಹೇಳಬಲ್ಲ ಯಜಮಾನರು ಲ್ಯಾಪ್‌ಟಾಪ್ ಅಂಗಡಿಯ ಗಾಜಿನ ಮೇಜಿನ ಮುಂದೆ ಮಾತು ಸೋಲುತ್ತಾರೆ. ಅಂಗಡಿಯ ಹುಡುಗ 'ಐ ಫೈವ್, ಸಿಕ್ಸ್‌ಟೀನ್ ಜಿಬಿ, ಆರ್‌ಟಿಎಕ್ಸ್' ಎಂದು ಮಂತ್ರ ಹೇಳಿದಂತೆ ಹೇಳುತ್ತಾ ಹೋಗುತ್ತಾನೆ. 'ತಮ್ಮಾ, ಹೊರೋಕೆ ಹಗುರ ಇರ್ಬೇಕು, ನಾಲ್ಕು ವರ್ಷ ಬಾಳಿಕೆ ಬರ್ಬೇಕು, ಕಾಲೇಜಲ್ಲಿ ಹೇಳೋ ಸಾಫ್ಟ್‌ವೇರೆಲ್ಲಾ ಓಡ್ಬೇಕು. ಅಂಥದ್ದು ಯಾವ್ದಿದೆ ಅದ್ನ ತೋರ್ಸು' ಎಂದು ತಂದೆ ಕೇಳುವ ಪ್ರಶ್ನೆ ಸರಳವಾಗಿಯೇ ಇದೆ. ಆದರೆ ಇದೇ ಪ್ರಶ್ನೆ ಗಣಕಯಂತ್ರ ತಯಾರಿಸುವವರನ್ನು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಕಾಡಿದೆ.

ತಪ್ಪು ಆಯ್ಕೆಯ ಬೆಲೆ ಸಣ್ಣದಲ್ಲ. ಈಚಿನ ವರ್ಷಗಳಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದೆ ನಿಜ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಅನೇಕ ತೋಟಗಳಲ್ಲಿ ಕೊಳೆರೋಗದ ಜತೆಗೆ ಎಲೆಚುಕ್ಕೆ ರೋಗವೂ ಸೇರಿ ಫಸಲನ್ನು ತಿಂದಿದೆ. ಅಂಥ ತೋಟದಿಂದ ಬಂದ ಹಣದಲ್ಲಿ ಒಂದು ಕ್ವಿಂಟಲಿನಷ್ಟನ್ನೋ ಒಂದೂವರೆ ಕ್ವಿಂಟಲಿನಷ್ಟನ್ನೋ ಒಂದು ಯಂತ್ರಕ್ಕೆ ಸುರಿಯುವಾಗ ಯೋಚಿಸಲೇಬೇಕು.

ಹನ್ನೊಂದು ಕೆ.ಜಿ.ಯಿಂದ ಒಂದೂವರೆ ಕೆ.ಜಿ.ಗೆ

ಕೈಯಲ್ಲಿ ಹಿಡಿದು ಓಡಾಡಬಹುದಾದ ಪುಸ್ತಕದಂಥ ಗಣಕದ ಕಲ್ಪನೆಯನ್ನು ಅಮೆರಿಕದ ವಿಜ್ಞಾನಿ ಅಲನ್ ಕೇ 1972ರಲ್ಲಿ ಬರೆದ ಪ್ರಬಂಧವೊಂದರಲ್ಲಿ ವಿವರಿಸಿದರು. ಅದಕ್ಕೆ ಅವರಿಟ್ಟ ಹೆಸರು 'ಡೈನಾಬುಕ್'. ಅಂಗಡಿಗೆ ಬಂದು ಜನಪ್ರಿಯವಾದ ಮೊದಲ 'ಒಯ್ಯಬಹುದಾದ' ಗಣಕವೆಂದರೆ 1981ರ 'ಆಸ್ಬೋರ್ನ್ 1'. ಅದನ್ನು ತಯಾರಿಸಿದ ಆಡಂ ಆಸ್ಬೋರ್ನ್ ಬಾಲ್ಯ ಕಳೆದದ್ದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಹೊಲಿಗೆಯಂತ್ರದ ಪೆಟ್ಟಿಗೆಯಂತಿದ್ದ ಆ ಗಣಕದ ತೂಕ ಸುಮಾರು 11 ಕೆ.ಜಿ. ಎಂದರೆ ಹತ್ತು ಕೆ.ಜಿ.ಯ ಅಕ್ಕಿ ಚೀಲಕ್ಕಿಂತ ಒಂದು ಕೆ.ಜಿ. ಹೆಚ್ಚು! ಪರದೆ ಬರೇ ಐದು ಇಂಚಿನದು, ಮೆಮೊರಿ 64 ಕಿಲೋಬೈಟ್. ಇಂದಿನ ಸಾಧಾರಣ ಲ್ಯಾಪ್‌ಟಾಪಿನ 16 ಜಿಬಿ ಮೆಮೊರಿ ಅದರ ಎರಡೂವರೆ ಲಕ್ಷ ಪಟ್ಟಿಗೂ ಹೆಚ್ಚು. ತೂಕ ಮಾತ್ರ ಏಳರಲ್ಲಿ ಒಂದು ಪಾಲು.

ಇಷ್ಟಾದರೂ 'ಹಗುರ' ಮತ್ತು 'ಬಲ' ಇವೆರಡರ ಜಗಳ ಮುಗಿದಿಲ್ಲ. ಅದಕ್ಕೆ ಕಾರಣ ಶಾಖ. ಪ್ರೊಸೆಸರ್ ಹೀರಿಕೊಂಡ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬರಬೇಕು. ಆ ಶಾಖವನ್ನು ಸಾಗಿಸಲು ತಾಮ್ರದ ಕೊಳವೆ, ಲೋಹದ ರೆಕ್ಕೆ, ಫ್ಯಾನು, ಗಾಳಿಯಾಡಲು ಜಾಗ ಇವೆಲ್ಲ ಬೇಕು. ಇವೆಲ್ಲ ಇದ್ದರೆ ಯಂತ್ರ ದಪ್ಪವಾಗುತ್ತದೆ, ಭಾರವಾಗುತ್ತದೆ. ಇವನ್ನು ಕಡಿಮೆ ಮಾಡಿದರೆ ಯಂತ್ರ ಬೇಗ ಕಾಯುತ್ತದೆ. ಕಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಐದು ಎಚ್‌ಪಿ ಪಂಪು ಕೂರಿಸಿ ಅದಕ್ಕೆ ಅರ್ಧ ಇಂಚಿನ ಪೈಪು ಹಾಕಿದರೆ ತೋಟಕ್ಕೆ ಎಷ್ಟು ನೀರು ಬಂದೀತು? ತೀರಾ ತೆಳ್ಳಗಿನ ದೇಹದಲ್ಲಿ ಬಲಶಾಲಿ ಪ್ರೊಸೆಸರ್ ಇಟ್ಟರೆ ಆಗುವುದೂ ಅಷ್ಟೇ.

ಆದ್ದರಿಂದ ಪೆಟ್ಟಿಗೆಯ ಮೇಲಿನ 'ಐ 5', 'ಐ 7' ಎಂಬ ದರ್ಜೆಯನ್ನಷ್ಟೇ ನೋಡಿ ಮರುಳಾಗಬಾರದು. ಹೆಸರಿನ ಕೊನೆಯ ಅಕ್ಷರವನ್ನೂ ನೋಡಬೇಕು. 'ಯು' ಎಂದಿದ್ದರೆ ಅದು ಸುಮಾರು 15 ವ್ಯಾಟಿನ ಮಿತವ್ಯಯದ ಜಾತಿ: ಹಗುರ, ತಂಪು, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. 'ಎಚ್' ಎಂದಿದ್ದರೆ ಸುಮಾರು 45 ವ್ಯಾಟಿನ ದುಡಿಮೆಗಾರ: ವೇಗ ಹೆಚ್ಚು, ಬಿಸಿಯೂ ಹೆಚ್ಚು. ಗಂಟೆಗಟ್ಟಲೆ ಲೆಕ್ಕ ಮಾಡಿಸುವ ಕೆಲಸದಲ್ಲಿ 'ಯು' ಜಾತಿಯ ಐ 7ನ್ನು 'ಎಚ್' ಜಾತಿಯ ಐ 5 ಹಿಂದೆ ಹಾಕುವುದುಂಟು. ಎಷ್ಟನೆಯ ತಲೆಮಾರಿನ ಪ್ರೊಸೆಸರ್ ಎಂಬುದೂ ಮುಖ್ಯ. ಹಳೆಯ ತಲೆಮಾರಿನ ಐ 7ಕ್ಕಿಂತ ಹೊಸ ತಲೆಮಾರಿನ ಐ 5 ಎಷ್ಟೋ ಸಲ ಮೇಲು.

ಗ್ರಾಫಿಕ್ಸ್ ಚಿಪ್ಪಿನ ವಿಷಯದಲ್ಲಿ ಈ ಮೋಸ ಇನ್ನೂ ಹೆಚ್ಚು. 'ಆರ್‌ಟಿಎಕ್ಸ್ 4050' ಎಂಬ ಒಂದೇ ಹೆಸರಿನ ಚಿಪ್ಪನ್ನು ತಯಾರಕರು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಬೇರೆ ಬೇರೆ ಮಿತಿಗಳಲ್ಲಿ ಕೂರಿಸುತ್ತಾರೆ. ಹೆಸರು ಒಂದೇ, ಕಸುವು ಬೇರೆ. 'ಇದರ ಗ್ರಾಫಿಕ್ಸ್ ಎಷ್ಟು ವ್ಯಾಟಿನದು?' ಎಂದು ಅಂಗಡಿಯಲ್ಲಿ ಕೇಳುವ ಗ್ರಾಹಕ ಅರ್ಧ ಗೆದ್ದಂತೆ.

ಮೊದಲು ವಿಭಾಗ, ಆಮೇಲೆ ಯಂತ್ರ

ಎಂಜಿನಿಯರಿಂಗ್ ಎಂದರೆ ಎಲ್ಲರಿಗೂ ಒಂದೇ ಬಗೆಯ ಕೆಲಸವಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಮೊದಲ ವರ್ಷ ಬರುವುದು ಹೆಚ್ಚಾಗಿ ಸಿ ಅಥವಾ ಪೈಥಾನ್ ಭಾಷೆಯ ಸಣ್ಣ ಪ್ರೋಗ್ರಾಮುಗಳು, ಗಣಕದ ಮೇಲಿನ ಎಂಜಿನಿಯರಿಂಗ್ ಡ್ರಾಯಿಂಗ್. ಇವಿಷ್ಟಕ್ಕೆ ಸಾಧಾರಣ ಯಂತ್ರವೇ ಸಾಕು. ನಿಜವಾದ ಭಾರ ಬೀಳುವುದು ಎರಡನೆಯ ವರ್ಷದಿಂದ.

ಮೆಕ್ಯಾನಿಕಲ್ ಮತ್ತು ಸಿವಿಲ್ ವಿದ್ಯಾರ್ಥಿಗಳು ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್, ಆನ್ಸಿಸ್, ರೆವಿಟ್, ಸ್ಟಾಡ್ ಪ್ರೊ, ಈಟ್ಯಾಬ್ಸ್ ಮುಂತಾದ ತಂತ್ರಾಂಶಗಳನ್ನು ಬಳಸಬೇಕಾಗುತ್ತದೆ. ಇವು ವಿಂಡೋಸ್ ವ್ಯವಸ್ಥೆಯನ್ನು ನಂಬಿದಂಥವು. ಎಷ್ಟೇ ಅಂದವಾಗಿದ್ದರೂ, ಎಷ್ಟೇ ಹೊತ್ತು ಬ್ಯಾಟರಿ ಬಂದರೂ ಆ್ಯಪಲ್‌ನ ಮ್ಯಾಕ್‌ಬುಕ್ ಈ ಮಕ್ಕಳಿಗೆ ತೊಡಕಾಗುವುದು ಈ ಕಾರಣಕ್ಕೆ. ಫೋನಿನ ಜಾತಿಯ 'ಆರ್ಮ್' ಪ್ರೊಸೆಸರ್ ಇರುವ ಕೆಲವು ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಇವೆ. ಅವು ಹಗುರ, ತಂಪು. ಆದರೆ ಎಂಜಿನಿಯರಿಂಗ್ ತಂತ್ರಾಂಶಗಳೆಲ್ಲ ಅವುಗಳಲ್ಲಿ ಸುಸೂತ್ರವಾಗಿ ಓಡುತ್ತವೆಂಬ ಭರವಸೆಯಿಲ್ಲ. ಮೆಕ್ಯಾನಿಕಲ್, ಸಿವಿಲ್‌ನವರಿಗೆ 'ಎಚ್' ಜಾತಿಯ ಪ್ರೊಸೆಸರ್, 16 ಜಿಬಿ ಮೆಮೊರಿ, 4ರಿಂದ 6 ಜಿಬಿಯ ಪ್ರತ್ಯೇಕ ಗ್ರಾಫಿಕ್ಸ್ ಇದ್ದರೆ ಧಾರಾಳವಾಯಿತು.

ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಗ್ರಾಫಿಕ್ಸ್‌ಗಿಂತ ಮೆಮೊರಿಯೇ ದೊಡ್ಡದು. ಆಂಡ್ರಾಯ್ಡ್ ಸ್ಟುಡಿಯೋದಂಥ ತಂತ್ರಾಂಶ, ಪಕ್ಕದಲ್ಲಿ ಇಪ್ಪತ್ತು ಬ್ರೌಸರ್ ಪುಟ, ಜತೆಗೊಂದು ಡೇಟಾಬೇಸ್ ತೆರೆದುಕೊಂಡರೆ 8 ಜಿಬಿ ಏದುಸಿರು ಬಿಡುತ್ತದೆ. ಅವರಿಗೆ ಮ್ಯಾಕ್ ಆದರೂ ನಡೆದೀತು, ಲಿನಕ್ಸ್ ಆದರೂ ನಡೆದೀತು. ಕೃತಕ ಬುದ್ಧಿಮತ್ತೆಯ ವಿಭಾಗ ಸೇರಿದವರಿಗೆ ಎನ್‌ವಿಡಿಯಾ ಚಿಪ್ಪು ಅನುಕೂಲ. ಆದರೆ ದೊಡ್ಡ ಮಾದರಿಗಳ ತರಬೇತಿ ಹೇಗೂ ಲ್ಯಾಪ್‌ಟಾಪಿನಲ್ಲಿ ಆಗುವ ಮಾತಲ್ಲ. ಅದಕ್ಕೆ ಗೂಗಲ್ ಕೊಲಾಬ್‌ನಂಥ ದೂರದ ಗಣಕಗಳೇ ಗತಿ.

ಎಲೆಕ್ಟ್ರಾನಿಕ್ಸ್‌ನವರ ತೊಂದರೆ ಬೇರೆ. ಚಿಪ್ ವಿನ್ಯಾಸ ಕಲಿಸುವ ವಿವಾಡೋ ಎಂಬ ಒಂದೇ ತಂತ್ರಾಂಶ ಹತ್ತಾರು ಜಿಬಿ ಜಾಗ ನುಂಗುತ್ತದೆ. ಮ್ಯಾಟ್‌ಲ್ಯಾಬ್ ಸೇರಿದರೆ ಇನ್ನಷ್ಟು. ಹಾಗಾಗಿ ಯಾರೇ ಆಗಲಿ, 512 ಜಿಬಿಗಿಂತ ಕಡಿಮೆ ಸಂಗ್ರಹದ ಯಂತ್ರ ಕೊಳ್ಳದಿರುವುದು ಲೇಸು. ಆ ಸಂಗ್ರಹ ಎಸ್‌ಎಸ್‌ಡಿಯೇ ಆಗಿರಬೇಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದಂತೆ ತಿರುಗುವ ತಟ್ಟೆ ಇದರಲ್ಲಿಲ್ಲ. ಘಾಟಿಯ ಬಸ್ಸಿನ ಕುಲುಕಾಟಕ್ಕೂ ಅದು ಜಗ್ಗದು.

ಮೆಮೊರಿಯ ಬಗ್ಗೆ ಒಂದು ಎಚ್ಚರಿಕೆ. ತೆಳ್ಳಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಮುಂದೆ ಬೇಕೆಂದರೂ ಹೆಚ್ಚಿಸಲಾಗದು. ಖಾಲಿ ಸ್ಲಾಟ್ ಇರುವ ಯಂತ್ರವಾದರೆ ಇಂದು 8 ಜಿಬಿ ಕೊಂಡು, ಎರಡನೆಯ ವರ್ಷ ಕೈಯಲ್ಲಿ ಹಣ ಬಂದಾಗ ಇನ್ನೊಂದು 8 ಜಿಬಿ ಕೂರಿಸಬಹುದು. ಆದರೆ 2025ರ ಕೊನೆಯಿಂದೀಚೆಗೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದೆ. ಕೊಳ್ಳುವ ಮುನ್ನ ಎರಡೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಬ್ಯಾಟರಿಯ ಲೆಕ್ಕ

ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು. ಅದರ ನೀರನ್ನು ನಂಬಿದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ನೀರು ವಾರಾಹಿಯ ಭೂಗರ್ಭ ವಿದ್ಯುದಾಗಾರಕ್ಕೆ ಹೋಗುತ್ತದೆ. ನಾಡಿಗೆಲ್ಲ ಬೆಳಕು ಕೊಟ್ಟ ಈ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಮಳೆಗಾಲದಲ್ಲಿ ಮರ ಮುರಿದು ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಕತ್ತಲೆ! ಇಲ್ಲಿಯ ಮಕ್ಕಳಿಗೆ ಬ್ಯಾಟರಿ ಎಂಬುದು ಅಲಂಕಾರದ ಮಾತಲ್ಲ.

ಜಾಹೀರಾತಿನಲ್ಲಿ '12 ಗಂಟೆ ಬ್ಯಾಟರಿ' ಎಂದಿರುತ್ತದೆ. ಅದನ್ನು ನಂಬುವ ಬದಲು ಹೈಸ್ಕೂಲಿನಲ್ಲಿ ಕಲಿತ ಭಾಗಾಕಾರ ಮಾಡಿದರೆ ಸಾಕು. ಬ್ಯಾಟರಿಯ ಶಕ್ತಿಯನ್ನು ವ್ಯಾಟ್-ಅವರ್ ಲೆಕ್ಕದಲ್ಲಿ ಬರೆದಿರುತ್ತಾರೆ. ಅದನ್ನು ಯಂತ್ರ ಬಳಸುವ ವ್ಯಾಟಿನಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. 60 ವ್ಯಾಟ್-ಅವರ್ ಬ್ಯಾಟರಿ ಇದೆಯೆನ್ನೋಣ. ಓದು ಬರಹಕ್ಕೆ ಯಂತ್ರ 10 ವ್ಯಾಟ್ ಬಳಸಿದರೆ ಆರು ಗಂಟೆ ಬಂತು. ಡ್ರಾಯಿಂಗ್ ಮಾಡುತ್ತಾ 30 ವ್ಯಾಟ್ ಎಳೆದರೆ ಎರಡೇ ಗಂಟೆ. ಪ್ರತ್ಯೇಕ ಗ್ರಾಫಿಕ್ಸ್ ಪೂರ್ತಿ ದುಡಿಯುವಾಗ ಗಂಟೆಯೊಳಗೇ ಬ್ಯಾಟರಿ ಬರಿದು. ಗೇಮಿಂಗ್ ಲ್ಯಾಪ್‌ಟಾಪ್‌ಗಳು ಕರೆಂಟಿಗೆ ಸಿಕ್ಕಿಸಿದಾಗ ಮಾತ್ರ ತಮ್ಮ ಪೂರ್ಣ ಬಲ ತೋರಿಸುತ್ತವೆ ಎಂಬುದೂ ನೆನಪಿರಲಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅರ್ಧ ಚಿಂತೆ ಕಳೆಯಿತು. 150 ಆಂಪಿಯರ್-ಅವರಿನ, 12 ವೋಲ್ಟಿನ ಒಂದು ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಸೋರಿಕೆ, ನಷ್ಟವೆಲ್ಲ ಕಳೆದು ಮೂರರಲ್ಲಿ ಎರಡು ಪಾಲು ಸಿಕ್ಕಿತೆಂದರೂ ಲ್ಯಾಪ್‌ಟಾಪನ್ನು ಹತ್ತಕ್ಕೂ ಹೆಚ್ಚು ಸಲ ತುಂಬಿಸಬಹುದು. ಟೈಪ್-ಸಿ ಕಿಂಡಿಯಿಂದಲೇ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆದರೆ ಇನ್ನೂ ಅನುಕೂಲ. ಹಗುರವಾದ 65 ವ್ಯಾಟಿನ ಒಂದೇ ಚಾರ್ಜರಿನಲ್ಲಿ ಫೋನೂ ತುಂಬುತ್ತದೆ, ಲ್ಯಾಪ್‌ಟಾಪೂ ತುಂಬುತ್ತದೆ.

ಮಳೆ, ಸಿಡಿಲು, ಬೂಷ್ಟು

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನದೂ ಅದೇ ಕಥೆ. ಬೆಂಗಳೂರಿನ ಅಂಗಡಿಯವರು ಕೊಡುವ ಸಲಹೆಯಲ್ಲಿ ಈ ಮಳೆ ಸೇರಿರುವುದಿಲ್ಲ.

ಗೋಡೆಗೆ ಒರಗಿಸಿಟ್ಟ ಚರ್ಮದ ಚಪ್ಪಲಿಗೇ ವಾರದಲ್ಲಿ ಬೂಷ್ಟು ಹಿಡಿಯುವ ಊರಿನಲ್ಲಿ ಲ್ಯಾಪ್‌ಟಾಪನ್ನು ಕಪಾಟಿನಲ್ಲಿ ಮುಚ್ಚಿಡುವುದೇ ದೊಡ್ಡ ತಪ್ಪು. ದಿನವೂ ಬಳಸುವ ಯಂತ್ರ ತನ್ನ ಬಿಸಿಯಿಂದಲೇ ಒಂದಷ್ಟು ಒಣಗಿಕೊಳ್ಳುತ್ತದೆ. ರಜೆಯಲ್ಲೂ ದಿನಕ್ಕೆ ಅರ್ಧ ಗಂಟೆ ಚಾಲೂ ಮಾಡಿಡುವುದು ಒಳ್ಳೆಯದು. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಬೆಚ್ಚಗಿರುತ್ತದೆಂದು ಬಚ್ಚಲೊಲೆಯ ಪಕ್ಕದಲ್ಲೋ ಅಡಿಕೆ ಒಣಗಿಸುವ ಅಟ್ಟದ ಮೇಲೋ ಇಡುವುದು ಬೇಡ. ಹೊಗೆ, ಬೂದಿ ಫ್ಯಾನಿನೊಳಗೆ ಹೊಕ್ಕರೆ ಯಂತ್ರಕ್ಕೆ ಉಸಿರುಕಟ್ಟುತ್ತದೆ.

ವೋಲ್ಟೇಜ್ ಕಡಿಮೆಯಾದರೆ ಲ್ಯಾಪ್‌ಟಾಪ್ ಸುಡುತ್ತದೆಂಬ ಭಯ ಹಲವರಿಗಿದೆ. ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದಿದರೆ ಆ ಭಯ ಕಳೆದೀತು. '100-240 ವೋಲ್ಟ್' ಎಂದು ಅಲ್ಲಿ ಅಚ್ಚಾಗಿರುತ್ತದೆ. ಸಂಜೆ ಹೊತ್ತು ಬಲ್ಬು ಮಂಕಾಗಿ ವೋಲ್ಟೇಜ್ 160ಕ್ಕೆ ಇಳಿದರೂ ಅಡಾಪ್ಟರ್ ತನ್ನ ಕೆಲಸ ಮಾಡುತ್ತದೆ. ಕೊಲ್ಲುವುದು ಕಡಿಮೆ ವೋಲ್ಟೇಜ್ ಅಲ್ಲ, ಹಠಾತ್ತನೆ ನುಗ್ಗುವ ಹೆಚ್ಚು ವೋಲ್ಟೇಜ್. ಮುಂಗಾರು ಪೂರ್ವದ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ತಂತಿಯ ಮೂಲಕ ಸಿಡಿಲು ತಂದ ಹೊಡೆತಕ್ಕೆ ಸ್ವಿಚ್ಚಿನೊಳಗಿನ ಸಣ್ಣ ಅಂತರ ದಾಟುವುದು ಕಷ್ಟವಲ್ಲ.

ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳು ಜುಮ್ಮೆನ್ನುವುದೂ ಹಳೆಯ ಮನೆಗಳಲ್ಲಿ ಸಾಮಾನ್ಯ ದೂರು. ಯಂತ್ರ ಕೆಟ್ಟಿದೆಯೆಂದು ಹೆದರಿ ಅಂಗಡಿಗೆ ಓಡುವ ಮುನ್ನ ಮನೆಯ ಅರ್ಥಿಂಗ್ ನೋಡಿಸಬೇಕು. ಮೂರು ಕಾಲಿನ ಪ್ಲಗ್ಗಿನ ಮೇಲಿನ ದಪ್ಪ ಕಾಲಿಗೆ ನೆಲದ ಸಂಪರ್ಕ ಇಲ್ಲದಿದ್ದರೆ ಅಡಾಪ್ಟರಿನೊಳಗಿನ ಅತ್ಯಲ್ಪ ವಿದ್ಯುತ್ತು ಮೈಗೆ ತಾಗುತ್ತದೆ. ಅರ್ಥಿಂಗ್ ಸರಿಪಡಿಸುವ ಖರ್ಚು ಲ್ಯಾಪ್‌ಟಾಪಿಗಷ್ಟೇ ಅಲ್ಲ, ಮನೆಮಂದಿಗೆಲ್ಲ ರಕ್ಷಣೆ.

ತೂಕದ ತಕ್ಕಡಿ

ಶಿವಮೊಗ್ಗದಲ್ಲಿ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಕಾಲೇಜು, 2007ರಲ್ಲಿ ಬಂದ ಪಿಇಎಸ್ ಕಾಲೇಜು ಸೇರುವ ಈ ಭಾಗದ ಮಕ್ಕಳಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುವವರಿದ್ದಾರೆ, ಹಾಸ್ಟೆಲ್ಲಿನಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುವವರಿದ್ದಾರೆ. ಬೆಂಗಳೂರು, ಮೈಸೂರು, ಮಂಗಳೂರಿಗೆ ಹೋದವರು ಹಬ್ಬಕ್ಕೆ ಬರುತ್ತಾರೆ. ತೂಕದ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ವರ್ಷಕ್ಕೆ ನಾಲ್ಕು ಸಲ ಹೊರುವವನಿಗೆ ಎರಡೂವರೆ ಕೆ.ಜಿ. ಭಾರವಲ್ಲ. ಜನ ತುಂಬಿದ ಬಸ್ಸಿನಲ್ಲಿ ಛತ್ರಿ, ಬುತ್ತಿ, ರೆಕಾರ್ಡ್ ಪುಸ್ತಕಗಳ ಜತೆ ದಿನವೂ ಹೊತ್ತು ನಿಲ್ಲುವ ಹುಡುಗಿಗೆ ಒಂದೂವರೆ ಕೆ.ಜಿ.ಯೇ ಮಿತಿ.

ಜಾಹೀರಾತಿನಲ್ಲಿ ಬರೆದ ತೂಕ ಯಂತ್ರದ್ದು ಮಾತ್ರ. ಗೇಮಿಂಗ್ ಲ್ಯಾಪ್‌ಟಾಪಿನ ಅಡಾಪ್ಟರೇ ಅರ್ಧ ಕೆ.ಜಿ.ಯಿಂದ ಮುಕ್ಕಾಲು ಕೆ.ಜಿ. ತೂಗುವುದುಂಟು. ಎರಡನ್ನೂ ಚೀಲಕ್ಕೆ ಹಾಕಿ ಭುಜಕ್ಕೇರಿಸಿ ನೋಡಿಯೇ ತೀರ್ಮಾನಿಸಬೇಕು. 14 ಇಂಚಿನ ಪರದೆ, 'ಎಚ್' ಜಾತಿಯ ಪ್ರೊಸೆಸರ್, 16 ಜಿಬಿ ಮೆಮೊರಿ, 60 ವ್ಯಾಟ್-ಅವರಿನ ಆಸುಪಾಸಿನ ಬ್ಯಾಟರಿ, ಟೈಪ್-ಸಿ ಚಾರ್ಜಿಂಗ್, ತೂಕ ಒಂದೂವರೆ ಕೆ.ಜಿ.ಯ ಹತ್ತಿರ: ಹೆಚ್ಚಿನ ವಿದ್ಯಾರ್ಥಿಗಳಿಗೆ ಹೊಂದುವ ನಡುದಾರಿ ಇದು. ಹಾಸ್ಟೆಲ್ಲಿನಲ್ಲೇ ಉಳಿಯುವ ಮೆಕ್ಯಾನಿಕಲ್, ಸಿವಿಲ್‌ನವರು ಬೇಕಾದರೆ ಪ್ರತ್ಯೇಕ ಗ್ರಾಫಿಕ್ಸ್ ಇರುವ ಭಾರದ ಯಂತ್ರಕ್ಕೆ ಹೋಗಲಿ.

ಹಣ ಮತ್ತು ತಾಳ್ಮೆ

ಕೊಳ್ಳುವ ಆತುರವೇ ಹಲವರ ಹಣ ತಿನ್ನುತ್ತದೆ. ಮೊದಲ ಸೆಮಿಸ್ಟರಿಗೆ ಕಾಲೇಜಿನ ಪ್ರಯೋಗಾಲಯ ಸಾಕಾಗುತ್ತದೆ. ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಿ, ತನ್ನ ವಿಭಾಗಕ್ಕೆ ಏನು ಬೇಕೆಂದು ತಿಳಿದು, ಎರಡು ಮೂರು ತಿಂಗಳು ಬಿಟ್ಟು ಕೊಂಡರೆ ನಷ್ಟವಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದ ಯೋಜನೆಯಲ್ಲಿ, ವ್ಯಾಸಂಗಕ್ಕೆ ಅಗತ್ಯವಾದರೆ ಗಣಕದ ಖರ್ಚನ್ನೂ ಸೇರಿಸಲು ಅವಕಾಶವಿದೆ. ಕಂತಿನ ಮೇಲೆ ಕೊಡುವ ಅಂಗಡಿಯ ಮಾತಿಗೆ ತಲೆದೂಗುವ ಮೊದಲು ಬ್ಯಾಂಕಿನಲ್ಲಿ ವಿಚಾರಿಸುವುದು ಲೇಸು.

ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳ ಕೀಲಿಮಣೆ ಗಟ್ಟಿ, ಮೈಕಟ್ಟೂ ಗಟ್ಟಿ. ಆದರೆ ಎರಡು ಪರೀಕ್ಷೆ ಮಾಡಲೇಬೇಕು. ಒಂದು, ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ವಿಂಡೋಸ್ 11 ಓಡುವಂಥ ಯಂತ್ರವೇ ಆಗಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದು. ಎರಡು, ಬ್ಯಾಟರಿಯ ಆರೋಗ್ಯ. ಹೊಸದಾಗಿದ್ದಾಗ ಎಷ್ಟು ಶಕ್ತಿ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ವರದಿಯನ್ನು ವಿಂಡೋಸ್‌ನಲ್ಲೇ ತೆಗೆಯಬಹುದು. ಅಂಗಡಿಯಲ್ಲೇ ಅದನ್ನು ತೆಗೆಸಿ ನೋಡಬೇಕು. ಹೊಸದಾಗಲಿ ಹಳೆಯದಾಗಲಿ, ಕೆಟ್ಟರೆ ರಿಪೇರಿ ಎಲ್ಲಿ ಎಂಬ ಪ್ರಶ್ನೆಯೂ ಮುಖ್ಯ. ಶಿವಮೊಗ್ಗದಲ್ಲೇ ಸೇವೆ ಸಿಗುವ ಅಥವಾ ಮನೆಗೇ ಬಂದು ನೋಡುವ ವಾರಂಟಿ ಇರುವ ಯಂತ್ರಕ್ಕೆ ಸಾವಿರ ಎರಡು ಸಾವಿರ ಹೆಚ್ಚು ಕೊಟ್ಟರೂ ದುಬಾರಿಯಲ್ಲ.

ತಂತ್ರಾಂಶಗಳಿಗೆ ಹಣ ಸುರಿಯಬೇಕಿಲ್ಲ, ಕದ್ದ ಪ್ರತಿಯೂ ಬೇಡ. ಸಾಲಿಡ್ ಎಡ್ಜ್, ಆನ್ಸಿಸ್, ಆಟೋಡೆಸ್ಕ್ ಮುಂತಾದವು ವಿದ್ಯಾರ್ಥಿಗಳಿಗೆ ಉಚಿತ ಆವೃತ್ತಿ ಕೊಡುತ್ತವೆ. ಮ್ಯಾಟ್‌ಲ್ಯಾಬ್‌ನ ಬದಲು ಆಕ್ಟೇವ್, ಸರ್ಕ್ಯೂಟ್ ವಿನ್ಯಾಸಕ್ಕೆ ಕಿಕ್ಯಾಡ್ ಎಲ್ಲರಿಗೂ ಮುಕ್ತ. ತೊಡಕಿರುವುದು ಅವನ್ನು ಇಳಿಸಿಕೊಳ್ಳುವುದರಲ್ಲಿ. 2020-21ರ ಆನ್‌ಲೈನ್ ತರಗತಿಗಳ ದಿನಗಳಲ್ಲಿ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡದ ಮೇಲೆ ಪಾಠ ಕೇಳಿದ್ದು, 2021ರಲ್ಲಿ ಇಲ್ಲಿಯ ಹಳ್ಳಿಗಳ ಜನ 'ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ' ಎಂದು ದನಿಯೆತ್ತಿದ್ದು ಮರೆಯುವಂಥದ್ದಲ್ಲ. ಬೇಕಾದ ದೊಡ್ಡ ಫೈಲುಗಳನ್ನೆಲ್ಲ ಕಾಲೇಜಿನಲ್ಲೇ ಇಳಿಸಿಕೊಂಡು, ಯಂತ್ರದಲ್ಲಿ ಉಳಿಸಿಕೊಂಡು ಊರಿಗೆ ಬರುವುದೇ ಜಾಣತನ.

ಕೊನೆಯದಾಗಿ ಒಂದು ಮಾತು. ಸಹಪಾಠಿಯ ಯಂತ್ರ ಲಕ್ಷ ರೂಪಾಯಿಯದು, ತನ್ನದು ಹಳೆಯದು ಎಂದು ಕುಗ್ಗುವ ಮಕ್ಕಳಿದ್ದಾರೆ. ಅವರಿಗೆ ಬೇಸರವಾದೀತೆಂದು ಕೈಮೀರಿ ಸಾಲ ಮಾಡುವ ತಂದೆ ತಾಯಿಯರೂ ಇದ್ದಾರೆ. ಲೆಕ್ಕ ತಪ್ಪಿದ್ದರೆ ಲಕ್ಷದ ಯಂತ್ರ ತಪ್ಪು ಉತ್ತರವನ್ನು ಬೇಗ ಕೊಡುತ್ತದೆ, ಅಷ್ಟೇ. ಅಂಗಡಿಗೆ ಹೋಗುವ ಹಿಂದಿನ ರಾತ್ರಿ ತಂದೆ ಮಗಳು ಜತೆಯಲ್ಲಿ ಕುಳಿತು ಒಂದು ಹಾಳೆಯ ಮೇಲೆ ಐದು ಸಾಲು ಬರೆದುಕೊಳ್ಳಲಿ: ಯಾವ ವಿಭಾಗ, ಯಾವ ತಂತ್ರಾಂಶ, ದಿನಕ್ಕೆ ಎಷ್ಟು ದೂರ ಹೊರಬೇಕು, ಕರೆಂಟಿಲ್ಲದೆ ಎಷ್ಟು ಗಂಟೆ ನಡೆಯಬೇಕು, ಕೈಯಲ್ಲಿ ಎಷ್ಟು ಹಣವಿದೆ. ಆ ಹಾಳೆ ಕಿಸೆಯಲ್ಲಿದ್ದರೆ ಗಾಜಿನ ಮೇಜಿನ ಮುಂದೆ ಯಜಮಾನರು ಮಾತು ಸೋಲಬೇಕಿಲ್ಲ.